ಬರಗಾಲದ ಕೆಲಸ: ಕೂಲಿಯೋ, ಉಪಕಾರವೋ?

ನಮ್ಮೂರು ಹೊಳೆಆಲೂರು ಅಂದರೆ ಬೆಂಗಳೂರಿನ ಗೆಳೆಯರು "ಅದೆಲ್ಲಿ ಬರುತ್ತೆ ಮಾರಾಯಾ?" ಅಂತಾರೆ. ಗದಗಿನಿಂದ ಬಾದಾಮಿ ಕಡೆ ರೈಲಿನಲ್ಲಿ ಹೋಗಿದ್ದೀರಾ? ಮಲಪ್ರಭಾ ಹೊಳೆ ದಾಟುವ ಮುಂಚೆ ಬರುವ ಸ್ಟೇಶನ್ನೇ ನಮ್ಮದು. ತಾಲೂಕು ರೋಣ. 1997ಕ್ಕಿಂತ ಮುಂಚೆ ಧಾರವಾಡ ಜಿಲ್ಲೆ, ಆಮೇಲೆ ಗದಗ ಜಿಲ್ಲೆ. ಹೊಳೆ ದಾಟಿದರೆ ಬಾದಾಮಿ ತಾಲೂಕು, ಅಂದರೆ ಹಿಂದಿನ ಕಲಾದಗಿ ಜಿಲ್ಲೆಯ ಸೀಮೆ.

ಟೀವಿಯಲ್ಲಿ ನಮ್ಮೂರ ಹೆಸರು ಬಂದದ್ದು ನೀರಿನಿಂದ. 2009ರಲ್ಲಿ ಒಮ್ಮೆ, 2019ರಲ್ಲಿ ಇನ್ನೊಮ್ಮೆ ಹೊಳೆ ಊರೊಳಗೆ ಬಂತು. ಹಾಗಾಗಿ ಹೊರಗಿನವರಿಗೆ ನಾವು ನೆರೆ ಊರಿನವರು. ಆದರೆ ನಮ್ಮ ಎರಿ ಭೂಮಿಯ ಜನಕ್ಕೆ ಹಳೇ ಭಯ ನೀರಿನದ್ದಲ್ಲ, ಬರದ್ದು. ನಮ್ಮೂರ ಮುಂದೆ ಹಾದುಹೋಗುವ ರೈಲು ಹಳಿಯ ಹಿಂದೆಯೂ ಇರುವುದು ಒಂದು ಬರವೇ. ಆ ಬರದಲ್ಲಿ ಕೂಲಿ ಮಾಡಿದವರ ಒಂದು ಕತೆ ಇದೆ. ಅದು ಇವತ್ತು ಕಂಪ್ಯೂಟರ್ ಮುಂದೆ ಕೂತು ಕೋಡ್ ಕುಟ್ಟುವ ನನ್ನಂಥವರಿಗೂ ಸಂಬಂಧಪಟ್ಟ ಕತೆ ಅಂತ ಅನಿಸಿದ್ದಕ್ಕೆ ಈ ಬರಹ. ನಾನು ಓದಿದ್ದು ಇಂಜಿನಿಯರಿಂಗು, ಇತಿಹಾಸದ ಪಂಡಿತನೇನಲ್ಲ. ಸ್ವಲ್ಪ ಉದ್ದ ಆಗಿದೆ, ಚಹಾ ಹಿಡಕೊಂಡು ಕೂತು ಓದಿ :)

1876ರಲ್ಲಿ ಮಳೆ ಕೈಕೊಟ್ಟಿತು. ನಮ್ಮ ಪಂಚಾಂಗದ ಲೆಕ್ಕದಲ್ಲಿ ಅದು ಧಾತು ಸಂವತ್ಸರ, ಮುಂದಿನದು ಈಶ್ವರ. ಹಳೇ ಮೈಸೂರಿನ ಕಡೆ ಇದಕ್ಕೆ ಧಾತು ಈಶ್ವರ ಸಂವತ್ಸರದ ಕ್ಷಾಮ ಅಂತಲೇ ಹೆಸರು. ಮುಂಬಯಿ ಪ್ರಾಂತದ ದಖ್ಖನ್ ಜಿಲ್ಲೆಗಳು, ಮದ್ರಾಸ್ ಪ್ರಾಂತ, ಮೈಸೂರು, ಹೈದರಾಬಾದು ಎಲ್ಲಾ ಸೇರಿ ದಕ್ಷಿಣ ಭಾರತದ ಅರ್ಧಕ್ಕರ್ಧ ಒಣಗಿತು. ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲಿ ಸತ್ತವರು 50 ಲಕ್ಷಕ್ಕೂ ಹೆಚ್ಚು ಅನ್ನುವುದು ಸರ್ಕಾರವೇ ಆಮೇಲೆ ಒಪ್ಪಿದ ಅಂದಾಜು.

ಆ ಸಂಖ್ಯೆ ದೊಡ್ಡದು, ಕಣ್ಣಿಗೆ ಕಟ್ಟುವುದಿಲ್ಲ. ನಮ್ಮ ಸೀಮೆಯ ಲೆಕ್ಕ ನೋಡಿ. 1872ರ ಜನಗಣತಿಯಲ್ಲಿ ಧಾರವಾಡ ಜಿಲ್ಲೆಯ ಜನಸಂಖ್ಯೆ 9 ಲಕ್ಷ 88 ಸಾವಿರದಷ್ಟಿತ್ತು. 1881ರಲ್ಲಿ 8 ಲಕ್ಷ 83 ಸಾವಿರದ ಆಸುಪಾಸು. ಒಂಬತ್ತು ವರ್ಷದಲ್ಲಿ ಹೆಚ್ಚಬೇಕಾಗಿದ್ದ ಜನ ಒಂದು ಲಕ್ಷ ಕಡಿಮೆಯಾದರು. ಹೊಳೆಯ ಆಚೆಯ ಕಲಾದಗಿ ಜಿಲ್ಲೆಯಲ್ಲಿ ಇನ್ನೂ ಭೀಕರ, ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಕಡಿಮೆ. ಐದು ಮಂದಿಯಲ್ಲಿ ಒಬ್ಬರು ಇಲ್ಲ ಅಂದಂಗೆ. ಕೆಲವರು ಸತ್ತರು, ಕೆಲವರು ಗುಳೆ ಹೋದವರು ತಿರುಗಿ ಬರಲಿಲ್ಲ. ಗುಳೆ ಅನ್ನುವ ಶಬ್ದದ ಭಾರ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಗ ಗದಗಿಗೆ ರೈಲು ಬಂದಿರಲಿಲ್ಲ. ಒಂದು ಕಡೆ ಸೊಲ್ಲಾಪುರ, ಇನ್ನೊಂದು ಕಡೆ ಬಳ್ಳಾರಿ. ಅಲ್ಲಿಗೆ ಬಂದ ಕಾಳು ಇಲ್ಲಿಗೆ ಬರಬೇಕೆಂದರೆ ಚಕ್ಕಡಿಯೇ ಗತಿ. ಚಕ್ಕಡಿ ಎಳೆಯುವ ಎತ್ತುಗಳೇ ಮೇವಿಲ್ಲದೆ ಬಿದ್ದು ಸಾಯುತ್ತಿದ್ದವು. ಹೀಗಾಗಿ ದುಡ್ಡಿದ್ದವನಿಗೂ ಜೋಳ ತುಟ್ಟಿ, ದುಡ್ಡಿಲ್ಲದವನಿಗೆ ಕನಸು.

ಸರ್ಕಾರ ಸುಮ್ಮನೆ ಕೂತಿರಲಿಲ್ಲ. ಬರಗಾಲದ ಕೆಲಸ ತೆರೆಯಿತು. ರಸ್ತೆಗೆ ಮಣ್ಣು ಹಾಕುವುದು, ಕೆರೆ ತೋಡುವುದು, ಕಲ್ಲು ಒಡೆಯುವುದು. ಕೆಲಸ ಮಾಡು, ಕೂಲಿ ತಗೋ, ಕಾಳು ಕೊಂಡು ತಿನ್ನು, ಬದುಕು. ಕೇಳಲಿಕ್ಕೆ ಚಂದ. ತೊಡಕು ಬಂದದ್ದು ಕೂಲಿ ಎಷ್ಟು ಅನ್ನುವ ಪ್ರಶ್ನೆಯಲ್ಲಿ.

ಇಲ್ಲಿ ಸರ್ ರಿಚರ್ಡ್ ಟೆಂಪಲ್ ಅನ್ನುವ ಸಾಹೇಬನ ಪ್ರವೇಶ. ಇವನದ್ದು ವಿಚಿತ್ರ ಚರಿತ್ರೆ. 1874ರಲ್ಲಿ ಬಿಹಾರದಲ್ಲಿ ಬರ ಬಂದಾಗ ಇದೇ ಟೆಂಪಲ್ ಬರ್ಮಾದಿಂದ ಅಕ್ಕಿ ತರಿಸಿ ಜನರನ್ನು ಉಳಿಸಿದ್ದ. ಹಸಿವಿನಿಂದ ಸತ್ತವರೇ ಇಲ್ಲ ಅನ್ನುವಷ್ಟು ಚೆನ್ನಾಗಿ ಕೆಲಸ ಮಾಡಿದ್ದ. ಅದಕ್ಕೆ ಸಿಕ್ಕ ಬಹುಮಾನ? ಸರ್ಕಾರದ ರೊಕ್ಕ ಪೋಲು ಮಾಡಿದ ಅನ್ನುವ ಬೈಗುಳ! ಎರಡೂವರೆ ವರ್ಷದ ನಂತರ ವೈಸರಾಯ್ ಲಿಟ್ಟನ್ ಇವನನ್ನೇ ದಕ್ಷಿಣದ ಬರ ನೋಡಿ ಬಾ ಎಂದು ಕಳಿಸಿದ. 1877ರ ಜನವರಿ 1ರಂದು ದಿಲ್ಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಸಾರುವ ಭಾರೀ ದರ್ಬಾರು ನಡೆದಿತ್ತು. ಟೆಂಪಲ್ ಇತ್ತ ಹೊರಟದ್ದು ಅದೇ ತಿಂಗಳು. ಈ ಸಲ ಆತ ಖರ್ಚು ಉಳಿಸಿ ತೋರಿಸಬೇಕಾಗಿತ್ತು. ಉಳಿಸಿದ.

ಹೆಂಗೆ ಅಂದರೆ, ಕೂಲಿ ಇಳಿಸಿ. ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಕೊಳ್ಳುವಷ್ಟು, ಅದರ ಮೇಲೆ ಉಪ್ಪು ಮೆಣಸಿನಕಾಯಿಗೆ ಅಂತ ಪುಡಿಗಾಸು. ಹೆಣ್ಣಾಳಿಗೆ, ಹುಡುಗರಿಗೆ ಇನ್ನೂ ಕಡಿಮೆ. ಇದಕ್ಕೆ ಇತಿಹಾಸದಲ್ಲಿ ಟೆಂಪಲ್ ಕೂಲಿ ಅಂತಲೇ ಹೆಸರು ಉಳಿದಿದೆ. ಒಂದು ಪೌಂಡು ಅಂದರೆ ಸುಮಾರು 450 ಗ್ರಾಂ. ನಮ್ಮ ಮನೆಯ ಲೆಕ್ಕದಲ್ಲಿ ನಾಲ್ಕೈದು ಜೋಳದ ರೊಟ್ಟಿ. ಇಡೀ ದಿನ ಬಿಸಿಲಿನಲ್ಲಿ ಮಣ್ಣು ಅಗಿದು ಹೊರುವವನಿಗೆ ಇಡೀ ದಿನಕ್ಕೆ ಅಷ್ಟೇ. ಇವತ್ತಿನವರು ಲೆಕ್ಕ ಹಾಕಿದರೆ 1,600 ಕ್ಯಾಲರಿ ಆಸುಪಾಸು ಬರುತ್ತದೆ. ಏಸಿ ರೂಮಿನಲ್ಲಿ ಕೂತು ಕೀಲಿಮಣೆ ಒತ್ತುವ ನನಗೇ ಅದು ಸಾಲುವುದಿಲ್ಲ.

ಮದ್ರಾಸ್ ಪ್ರಾಂತದ ಆರೋಗ್ಯ ಇಲಾಖೆಯ ಮುಖ್ಯಸ್ಥ ಡಾ. ಕಾರ್ನಿಶ್ ಇದನ್ನು ಬಲವಾಗಿ ವಿರೋಧಿಸಿದ. ದುಡಿಯುವ ಆಳಿಗೆ ಕಡಿಮೆಯೆಂದರೂ ಒಂದೂವರೆ ಪೌಂಡು ಧಾನ್ಯ ಬೇಕು, ಜೊತೆಗೆ ಬೇಳೆ, ಕಾಯಿಪಲ್ಯೆ ಬೇಕು, ಇಲ್ಲದಿದ್ದರೆ ಇವರು ನಿಧಾನವಾಗಿ ಸಾಯುತ್ತಾರೆ ಎಂಬುದು ಅವನ ವಾದ. ಜಗಳ ಪತ್ರಿಕೆಗಳವರೆಗೂ ಹೋಯಿತು. ಕಡೆಗೆ 1877ರ ಮೇ ಹೊತ್ತಿಗೆ ಮದ್ರಾಸ್ ಸರ್ಕಾರ ಕೂಲಿಯನ್ನು ಮತ್ತೆ ಏರಿಸಬೇಕಾಯಿತು.

ನಮ್ಮ ಮುಂಬಯಿ ಪ್ರಾಂತದಲ್ಲಿ ಆದದ್ದು ಬೇರೆ. ಇಲ್ಲಿ ಡಾಕ್ಟರ ಅಲ್ಲ, ಕೂಲಿಯವರೇ ಮಾತಾಡಿದರು. ಕೂಲಿ ಇಳಿದಾಗ, ಮನೆಯ ಹತ್ತಿರದ ಸಣ್ಣ ಕೆಲಸಗಳನ್ನು ಮುಚ್ಚಿ ದೂರದ ದೊಡ್ಡ ಕೆಲಸಕ್ಕೆ ಹೋಗಿ ಅಂದಾಗ, ಜನ ಬುಟ್ಟಿ ಸಲಿಕೆ ಕೆಳಗಿಟ್ಟು ಹೊರನಡೆದರು. 1877ರ ಜನವರಿಯಿಂದ ಮಾರ್ಚಿನ ನಡುವೆ ದಖ್ಖನಿನ ಕೆಲಸಗಳನ್ನು ಬಿಟ್ಟು ಹೋದವರು ಒಂದು ಲಕ್ಷಕ್ಕೂ ಮಿಗಿಲು. ಸ್ವಲ್ಪ ಯೋಚಿಸಿ ನೋಡಿ. ಬೆಳೆ ಇಲ್ಲ, ಮನೆಯಲ್ಲಿ ಕಾಳಿಲ್ಲ, ಯೂನಿಯನ್ ಅನ್ನುವ ಶಬ್ದವೇ ಯಾರಿಗೂ ಗೊತ್ತಿಲ್ಲ. ಮುಷ್ಕರದ ಹಕ್ಕು ಕೊಡುವ ಯಾವ ಕಾನೂನೂ ಇಲ್ಲ. ಆದರೂ ಹಸಿದವರೇ ಮುಷ್ಕರ ಮಾಡಿದರು. ಗಾಂಧಿ ಆಗ ಏಳು ವರ್ಷದ ಹುಡುಗ.

ಪುಣೆಯ ಸಾರ್ವಜನಿಕ ಸಭೆ ಇವರ ಪರ ನಿಂತಿತು. ಮಹಾದೇವ ಗೋವಿಂದ ರಾನಡೆ, ಗಣೇಶ ವಾಸುದೇವ ಜೋಶಿ ಇದ್ದ ಸಭೆ ಅದು. ಊರೂರಿನಿಂದ ವರದಿ ತರಿಸಿ, ಅಂಕಿಸಂಖ್ಯೆ ಕೂಡಿಸಿ, ಸರ್ಕಾರಕ್ಕೆ ಮನವಿಯ ಮೇಲೆ ಮನವಿ ಬರೆದರು. ಕೂಲಿಕಾರನ ಸಂಕಟವನ್ನು ದಾಖಲೆ ಮಾಡಿ ಮುಂದಿಡುವ ಕೆಲಸ ನಮ್ಮ ದೇಶದಲ್ಲಿ ಇಷ್ಟು ವ್ಯವಸ್ಥಿತವಾಗಿ ನಡೆದದ್ದು ಬಹುಶಃ ಆಗಲೇ.

ಅಧಿಕಾರಿಗಳ ಉತ್ತರ ಏನಿತ್ತು? ಕೂಲಿ ಕಡಿಮೆ ಇಡುವುದೇ ಒಂದು ಪರೀಕ್ಷೆ. ನಿಜವಾಗಿ ಹಸಿದವನು ಎಷ್ಟು ಕೊಟ್ಟರೂ ಬರುತ್ತಾನೆ, ಬಿಟ್ಟು ಹೋದವನಿಗೆ ಹಸಿವೆ ಇರಲಿಲ್ಲ ಅಂತ ಅರ್ಥ! ಎಂಥಾ ತರ್ಕ ನೋಡಿ. ಕೆಲಸಕ್ಕೆ ಬಂದರೆ ಕೂಲಿ ಸರಿಯಾಗಿದೆ ಅಂತ ಸಾಬೀತು, ಬರದಿದ್ದರೆ ಅವನಿಗೆ ಅದು ಬೇಕಾಗಿಲ್ಲ ಅಂತ ಸಾಬೀತು. ಎರಡೂ ಕಡೆ ಸಾಹೇಬನೇ ಸರಿ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಇಫ್ ಬರೆದರೂ ಎಲ್ಸ್ ಬರೆದರೂ ಒಂದೇ ಔಟ್‌ಪುಟ್ಟು. ಮತ್ತೆ ಟೆಂಪಲ್ ಏನಾದ? ಅದೇ 1877ರಲ್ಲಿ ಮುಂಬಯಿ ಪ್ರಾಂತಕ್ಕೇ ಗವರ್ನರ್ ಆಗಿ ಬಂದ. 1880ರವರೆಗೆ ಇದ್ದ.

ಆದರೂ ಆ ಜನರ ಸಾವು, ಸಿಟ್ಟು ಪೂರ್ತಿ ದಂಡ ಆಗಲಿಲ್ಲ. ರಿಚರ್ಡ್ ಸ್ಟ್ರಾಚಿಯ ಅಧ್ಯಕ್ಷತೆಯಲ್ಲಿ ಕ್ಷಾಮ ಆಯೋಗ ಕೂತಿತು, 1880ರಲ್ಲಿ ವರದಿ ಕೊಟ್ಟಿತು. ಅದರಿಂದ ಬಂದದ್ದು ಕ್ಷಾಮ ಸಂಹಿತೆಗಳು. ಬರ ಬಂದಾಗ ಸರ್ಕಾರ ಯಾವಾಗ ಕೆಲಸ ತೆರೆಯಬೇಕು, ಯಾರಿಗೆ ಎಷ್ಟು ಕೂಲಿ, ದುಡಿಯಲಾಗದವರಿಗೆ ಏನು ಅನ್ನುವುದನ್ನು ಮೊದಲ ಸಲ ನಿಯಮ ಮಾಡಿ ಬರೆದಿಟ್ಟರು. ಇನ್ನೊಂದು ಶಿಫಾರಸು, ಬರಪೀಡಿತ ಸೀಮೆಗಳಿಗೆ ರೈಲು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು, 1884ರಲ್ಲಿ ಹೋಟಗಿ ಮತ್ತು ಗದಗ ನಡುವಿನ ಮೀಟರ್ ಗೇಜ್ ಹಳಿ ಓಡಾಟಕ್ಕೆ ತೆರೆಯಿತು. ನಮ್ಮೂರಿಗೆ ರೈಲು ಬಂದದ್ದು ಹಿಂಗೆ. ನಮ್ಮ ಸ್ಟೇಶನ್ನಿನಲ್ಲಿ ನಿಂತು ರೈಲಿಗೆ ಕಾಯುವ ಯಾರಿಗೂ ಇದು ಸತ್ತವರ ಲೆಕ್ಕ ನೋಡಿ ಹಾಕಿದ ಹಳಿ ಅಂತ ಹೊಳೆಯುವುದಿಲ್ಲ.

ಅಂದ ಹಾಗೆ ಭಾರತದ ಮೊದಲ ಕಾರ್ಖಾನೆ ಕಾಯ್ದೆ ಬಂದದ್ದೂ ಇದೇ ಹೊತ್ತಿಗೆ, 1881ರಲ್ಲಿ. ಏಳು ವರ್ಷದ ಒಳಗಿನ ಮಕ್ಕಳನ್ನು ಮಿಲ್ಲಿನಲ್ಲಿ ದುಡಿಸಬಾರದು, ಏಳರಿಂದ ಹನ್ನೆರಡರ ಮಕ್ಕಳಿಗೆ ದಿನಕ್ಕೆ ಒಂಬತ್ತು ತಾಸಿನ ಮಿತಿ. ಹೌದು, ಅದನ್ನು ಮಿತಿ ಅಂತ ಕರೆದರು! ಆದರೆ ಬರಗಾಲದ ಕೆಲಸ ಇಂಥ ಕಾಯ್ದೆಗಳ ಒಳಗೆ ಬರಲಿಲ್ಲ. ಯಾಕೆಂದರೆ ಸರ್ಕಾರದ ಕಣ್ಣಿನಲ್ಲಿ ಅದು ಕೆಲಸವೇ ಅಲ್ಲ, ಪರಿಹಾರ. ಈ ಶಬ್ದ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

* * *

ಸ್ವಾತಂತ್ರ್ಯ ಬಂತು. 1948ರಲ್ಲಿ ಕನಿಷ್ಠ ಕೂಲಿ ಕಾಯ್ದೆ ಬಂತು. ಯಾವ ಯಾವ ಕೆಲಸಕ್ಕೆ ಸರ್ಕಾರ ಕನಿಷ್ಠ ಕೂಲಿ ಗೊತ್ತು ಮಾಡಬೇಕು ಎಂಬ ಪಟ್ಟಿ ಅದರ ಕೊನೆಗೆ ಇತ್ತು. ರಸ್ತೆ ಕೆಲಸ ಅದರಲ್ಲಿತ್ತು. ಕಲ್ಲು ಒಡೆಯುವ ಕೆಲಸ ಇತ್ತು. ಬೇಸಾಯದ ಕೆಲಸವೂ ಇತ್ತು. 1950ರಲ್ಲಿ ಸಂವಿಧಾನ ಬಂತು, ಅದರ 23ನೇ ವಿಧಿ ಬಿಟ್ಟಿ ದುಡಿಮೆಯನ್ನೂ ಒತ್ತಾಯದ ದುಡಿಮೆಯನ್ನೂ ನಿಷೇಧಿಸಿತು. ಕಾಗದದ ಮೇಲೆ ಎಲ್ಲಾ ಚಂದ.

1972ರ ಬರದಲ್ಲಿ ನಮ್ಮ ಆಯಿ ಖಡಿ ಒಡೆಯಲು ಹೋಗುತ್ತಿದ್ದಳು. ಆಗಿನ್ನೂ ಹೊಸದಾಗಿ ಮದುವೆಯಾಗಿ ಬಂದವಳು. ಈ ವಿಷಯ ಕೇಳಿದರೆ ಆಕೆ ಹೇಳುವುದು ಹಿಂಗೆ: "ಹೊತ್ತು ಏರೂಕಿಂತ ಮೊದಲ ಹೋಗ್ತಿದ್ವಿ ತಮ್ಮಾ. ವಾರಕ್ಕೊಮ್ಮೆ ಅಳತಿ ಹಚ್ಚಿ ರೊಕ್ಕಾ ಕೊಡ್ತಿದ್ರು. ಯಾಕ್ರೀ ಇಷ್ಟ ಕಡಿಮಿ ಅಂತ ಕೇಳಿದ್ರ, ಬರಗಾಲದಾಗ ಕೆಲಸ ಕೊಟ್ಟದ್ದ ದೊಡ್ಡ ಉಪಕಾರ, ಸುಮ್ನ ಹೆಬ್ಬಟ್ಟ ಒತ್ತವಾ ಅಂತಿದ್ದ ಮೇಸ್ತ್ರಿ." ಆಯಿಗೆ ಕನಿಷ್ಠ ಕೂಲಿ ಕಾಯ್ದೆ ಗೊತ್ತಿರಲಿಲ್ಲ. ತಾನು ಒಡೆಯುತ್ತಿದ್ದ ಖಡಿ 24 ವರ್ಷದಿಂದ ಆ ಕಾಯ್ದೆಯ ಪಟ್ಟಿಯಲ್ಲೇ ಇತ್ತು ಎಂಬುದು ಹೇಗೆ ತಾನೆ ಗೊತ್ತಾಗಬೇಕು? ಮೇಸ್ತ್ರಿಗೂ ಗೊತ್ತಿತ್ತೋ ಇಲ್ಲವೋ. ಆದರೆ ಅವನ ಬಾಯಲ್ಲಿ ಬಂದ ಮಾತು ಮಾತ್ರ ಟೆಂಪಲ್ ಸಾಹೇಬನದೇ. ಇದು ಕೆಲಸ ಅಲ್ಲ, ಉಪಕಾರ. ಉಪಕಾರಕ್ಕೆ ದರ ಕೇಳಬಾರದು.

ಈ ಮಾತನ್ನು ಕಾನೂನನ್ನಾಗಿಯೇ ಮಾಡಿದ ರಾಜ್ಯವೂ ಇತ್ತು. ರಾಜಸ್ಥಾನ 1964ರಲ್ಲಿ ಒಂದು ಕಾಯ್ದೆ ಮಾಡಿ ಬರಪರಿಹಾರದ ಕೆಲಸಗಾರರನ್ನು ಕಾರ್ಮಿಕ ಕಾನೂನುಗಳಿಂದ ಹೊರಗಿಟ್ಟಿತು. ಉಳಿದ ಮಾಲೀಕರು ಕಾನೂನನ್ನು ಕದ್ದು ಮುಚ್ಚಿ ಮುರಿದರೆ, ಇಲ್ಲಿ ಸರ್ಕಾರವೇ ಮಾಲೀಕ, ಸರ್ಕಾರವೇ ಕಾನೂನು ಮಾಡುವವನು. ತನಗೆ ತಾನೇ ರಜಾ ಚೀಟಿ ಬರೆದುಕೊಂಡಂತೆ!

ಇದು ಬಿದ್ದದ್ದು ಹೆಂಗೆ ಅನ್ನುವುದು ನನಗೆ ಬಹಳ ಹಿಡಿಸಿದ ಕತೆ. ಅಜ್ಮೇರ್ ಜಿಲ್ಲೆಯಲ್ಲಿ ಹರ್ಮಾಡಾ ಅಂತ ಒಂದು ಊರು. 1981ರ ಸುಮಾರಿಗೆ ಲೋಕೋಪಯೋಗಿ ಇಲಾಖೆ ಬರಪರಿಹಾರ ಅಂತ ಅಲ್ಲಿಗೆ ರಸ್ತೆ ಮಾಡಿಸುತ್ತಿತ್ತು. ಆಗ ಅಲ್ಲಿಯ ಕನಿಷ್ಠ ಕೂಲಿ ದಿನಕ್ಕೆ 7 ರೂಪಾಯಿ. ಕೆಲಸಕ್ಕೆ ಬಂದವರಲ್ಲಿ ಬಹಳಷ್ಟು ಜನ ದಲಿತ ಹೆಂಗಸರು. ಗುಂಪು ಗುಂಪಾಗಿ ಕೆಲಸ, ಹದಿನೈದು ದಿನಕ್ಕೊಮ್ಮೆ ಗುಂಪಿನ ಕೆಲಸದ ಅಳತೆ, ಅಳತೆ ಕಡಿಮೆ ಬಂತು ಅಂತ ಎಲ್ಲರ ಕೂಲಿಗೂ ಕತ್ತರಿ. ಚೆನ್ನಾಗಿ ದುಡಿದವಳಿಗೂ 7 ರೂಪಾಯಿ ಇಲ್ಲ. ಅಲ್ಲಿ ದನಿ ಎತ್ತಿದವರಲ್ಲಿ ನೌರ್ತಿ ಬಾಯಿ ಮುಖ್ಯಳು. ಹತ್ತಿರದ ತಿಲೋನಿಯಾದಲ್ಲಿ ಸಂಸ್ಥೆ ನಡೆಸುತ್ತಿದ್ದ ಸಂಜಿತ್ (ಬಂಕರ್) ರಾಯ್ ಸುಪ್ರೀಂ ಕೋರ್ಟಿಗೆ ಹೋದರು.

ಕೋರ್ಟಿನಲ್ಲಿ ದಾರಿ ಆಗಲೇ ಸ್ವಲ್ಪ ಹಸನಾಗಿತ್ತು. 1982ರ ಏಷ್ಯನ್ ಗೇಮ್ಸ್‌ಗಾಗಿ ದಿಲ್ಲಿಯಲ್ಲಿ ಸ್ಟೇಡಿಯಂ, ಫ್ಲೈಓವರ್ ಕಟ್ಟುತ್ತಿದ್ದ ಕೂಲಿಗಳಿಗೆ ದಿನಕ್ಕೆ 9 ರೂಪಾಯಿ 25 ಪೈಸೆ ಸಿಗಬೇಕಿತ್ತು. ಜಮಾದಾರರು ಒಂದು ರೂಪಾಯಿ ಕಮಿಷನ್ ಹಿಡಿದು 8 ರೂಪಾಯಿ 25 ಪೈಸೆ ಕೊಡುತ್ತಿದ್ದರು. ಪಿಯುಡಿಆರ್ ಸಂಘಟನೆ ನ್ಯಾಯಮೂರ್ತಿ ಪಿ. ಎನ್. ಭಗವತಿಯವರಿಗೆ ಬರೆದ ಒಂದು ಪತ್ರವನ್ನೇ ಕೋರ್ಟು ಅರ್ಜಿ ಅಂತ ತಗೊಂಡಿತು. 1982ರ ಸೆಪ್ಟೆಂಬರ್ 18ರಂದು ತೀರ್ಪು ಬಂತು. ಸಾರಾಂಶ ನನ್ನ ಮಾತಿನಲ್ಲಿ: ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯಲು ಯಾರೂ ಖುಷಿಯಿಂದ ಒಪ್ಪುವುದಿಲ್ಲ. ಒಪ್ಪಿದ್ದಾನೆ ಅಂದರೆ ಹಸಿವೆ ಅವನನ್ನು ದೂಡಿದೆ. ಬಂದೂಕು ತೋರಿಸಿ ದುಡಿಸುವುದಷ್ಟೇ ಒತ್ತಾಯವಲ್ಲ, ಹಸಿವೆಯೂ ಒತ್ತಾಯವೇ. ಹಾಗಾಗಿ ಕನಿಷ್ಠ ಕೂಲಿ ಕೊಡದಿದ್ದರೆ ಅದು 23ನೇ ವಿಧಿ ನಿಷೇಧಿಸಿರುವ ದುಡಿಮೆ. ಗುತ್ತಿಗೆದಾರ ಮಾಡಿದ್ದು ಅಂತ ಹೇಳಿ ಸರ್ಕಾರ ಕೈ ತೊಳೆದುಕೊಳ್ಳುವಂತೆಯೂ ಇಲ್ಲ.

ಇದೇ ಅಳತೆಗೋಲನ್ನು 1983ರ ಜನವರಿ 20ರಂದು ಹರ್ಮಾಡಾದ ರಸ್ತೆಗೂ ಹಚ್ಚಿದರು. ಬರಪರಿಹಾರ ಆದರೇನು, ದುಡಿಸಿಕೊಂಡ ಮೇಲೆ ಕನಿಷ್ಠ ಕೂಲಿ ಕೊಡಲೇಬೇಕು. ಸರ್ಕಾರ ಜನರಿಗೆ ದಾನ ಮಾಡುತ್ತಿಲ್ಲ, ಜನ ದುಡಿದು ಊರಿಗೆ ಉಪಯೋಗವಾಗುವ ಆಸ್ತಿ ಮಾಡಿಕೊಡುತ್ತಿದ್ದಾರೆ. ಅವರ ಕಷ್ಟವನ್ನು ಬಳಸಿಕೊಂಡು ಕೂಲಿ ಇಳಿಸುವ ಹಾಗಿಲ್ಲ. ಭಗವತಿಯವರು 23ನೇ ವಿಧಿಯ ಮೇಲೆ ಹೇಳಿದರೆ, ಜೊತೆಗಿದ್ದ ನ್ಯಾಯಮೂರ್ತಿ ಪಾಠಕ್ ಸಮಾನತೆಯ 14ನೇ ವಿಧಿಯ ಮೇಲೆ ಅದೇ ತೀರ್ಮಾನಕ್ಕೆ ಬಂದರು. 1964ರ ಕಾಯ್ದೆ ಕನಿಷ್ಠ ಕೂಲಿಗೆ ಕೊಟ್ಟಿದ್ದ ವಿನಾಯಿತಿ ಬಿದ್ದುಹೋಯಿತು. ನೌರ್ತಿ ಬಾಯಿ ಮುಂದೆ ತಮ್ಮೂರಿನ ಸರಪಂಚರೂ ಆದರು.

1877ರಲ್ಲಿ ಸಲಿಕೆ ಕೆಳಗಿಟ್ಟು ಹೋದ ಲಕ್ಷ ಜನರ ವಾದವೂ ಇದೇ ಆಗಿತ್ತಲ್ಲವೇ? ಅದನ್ನು ಒಂದು ಕೋರ್ಟು ಒಪ್ಪಿಕೊಳ್ಳಲು 106 ವರ್ಷ ಬೇಕಾಯಿತು.

* * *

ಕತೆ ಇಲ್ಲಿಗೆ ಸುಖಾಂತ ಅಂತ ಮುಗಿಸಬಹುದಿತ್ತು, ಆದರೆ ಮುಗಿಯಲಿಲ್ಲ.

2005ರಲ್ಲಿ ಉದ್ಯೋಗ ಖಾತ್ರಿ ಕಾಯ್ದೆ ಬಂತು, 2006ರ ಫೆಬ್ರವರಿಯಲ್ಲಿ ಶುರುವಾಯಿತು. ಮೊದಲ ಹಂತದ 200 ಜಿಲ್ಲೆಗಳಲ್ಲಿ ಗದಗ ಇರಲಿಲ್ಲ, 2008ರಲ್ಲಿ ನಮಗೂ ಬಂತು. ಇದರ ದೊಡ್ಡತನ ಏನೆಂದರೆ ಕೆಲಸವನ್ನು ಉಪಕಾರದಿಂದ ಹಕ್ಕಿಗೆ ದಾಟಿಸಿತು. ಅರ್ಜಿ ಕೊಟ್ಟು ರಶೀದಿ ತಗೊಂಡರೆ 15 ದಿನದೊಳಗೆ ಕೆಲಸ ಕೊಡಬೇಕು, ಇಲ್ಲವೇ ನಿರುದ್ಯೋಗ ಭತ್ಯೆ ಕೊಡಬೇಕು. ಕೆಲಸ ಮಾಡಿದ 15 ದಿನದೊಳಗೆ ಕೂಲಿ ಕೊಡಬೇಕು.

ಆದರೆ ಅದೇ ಕಾಯ್ದೆಯ 6ನೇ ಸೆಕ್ಷನ್ನಿನಲ್ಲಿ ಒಂದು ಸಣ್ಣ ಕಿಂಡಿ ಇತ್ತು. ಕನಿಷ್ಠ ಕೂಲಿ ಕಾಯ್ದೆಯಲ್ಲಿ ಏನೇ ಇದ್ದರೂ ಕೇಂದ್ರ ಸರ್ಕಾರ ಬೇರೆಯೇ ಕೂಲಿ ಗೊತ್ತು ಮಾಡಬಹುದು ಅಂತ. 2009ರ ಜನವರಿ 1ರಂದು ಕೇಂದ್ರ ಆ ಕಿಂಡಿಯನ್ನು ತೆರೆಯಿತು. ಕೂಲಿಗೆ 100 ರೂಪಾಯಿಯ ಮಿತಿ ಬಿತ್ತು. ಕೆಲವು ರಾಜ್ಯಗಳಲ್ಲಿ ಕಾನೂನಿನ ಕನಿಷ್ಠ ಕೂಲಿ ಅದಕ್ಕಿಂತ ಮೇಲಿತ್ತು. ಪಕ್ಕದ ಹೊಲದ ಗೌಡ ಕನಿಷ್ಠ ಕೂಲಿ ಕೊಡದಿದ್ದರೆ ಅಪರಾಧ, ಸರ್ಕಾರ ಕೊಡದಿದ್ದರೆ ಅಧಿಸೂಚನೆ!

ಇದನ್ನು ಪ್ರಶ್ನಿಸಿದ್ದು ನಮ್ಮ ಕರ್ನಾಟಕದಲ್ಲೇ ದೊಡ್ಡ ಪ್ರಕರಣ ಆಯಿತು. 2011ರ ಸೆಪ್ಟೆಂಬರ್ 23ರಂದು ಕರ್ನಾಟಕ ಹೈಕೋರ್ಟು ಖಾತ್ರಿ ಕೆಲಸಗಾರರಿಗೂ ಕನಿಷ್ಠ ಕೂಲಿ ಕೊಡಬೇಕು ಅಂತ ಹೇಳಿತು. ಅದಕ್ಕೆ ಆಧಾರ ಆ 1982, 1983ರ ತೀರ್ಪುಗಳ ತತ್ವವೇ. ಕೇಂದ್ರ ಸುಪ್ರೀಂ ಕೋರ್ಟಿಗೆ ಓಡಿತು. 2012ರ ಜನವರಿ 23ರಂದು ಸುಪ್ರೀಂ ಕೋರ್ಟು ತಡೆಯಾಜ್ಞೆ ಕೊಡಲು ಒಪ್ಪಲಿಲ್ಲ. ಆದರೂ ಖಾತ್ರಿ ಕೂಲಿಯನ್ನು ಕೇಂದ್ರವೇ ಬೇರೆಯಾಗಿ ಪ್ರಕಟಿಸುವ ಪದ್ಧತಿ ನಿಲ್ಲಲಿಲ್ಲ. 2025-26ರಲ್ಲಿ ಕರ್ನಾಟಕಕ್ಕೆ ಪ್ರಕಟವಾದದ್ದು ದಿನಕ್ಕೆ 370 ರೂಪಾಯಿ. 2019ರ ವೇತನ ಸಂಹಿತೆ ಬಂದಾಗಲೂ ಖಾತ್ರಿ ಕಾಯ್ದೆಗೆ ಇದು ಅಡ್ಡ ಬರುವುದಿಲ್ಲ ಅಂತ ಅದರಲ್ಲೇ ಬರೆದರು. 2025ರ ಡಿಸೆಂಬರಿನಲ್ಲಿ ಸಂಸತ್ತು ಖಾತ್ರಿ ಕಾಯ್ದೆಯ ಜಾಗಕ್ಕೆ ಬೇರೆ ಕಾಯ್ದೆಯನ್ನೇ ಪಾಸು ಮಾಡಿತು. ದಿನಗಳು 100ರಿಂದ 125 ಆದವು. ಹೆಸರು, ದಿನ, ಲೆಕ್ಕ ಎಲ್ಲಾ ಬದಲಾದರೂ ಹಳೇ ಪ್ರಶ್ನೆ ಬದಲಾಗಿಲ್ಲ. ಸರ್ಕಾರ ಮಾಲೀಕನಾದಾಗ ತಾನೇ ಮಾಡಿದ ಕನಿಷ್ಠ ದರಕ್ಕೆ ತಾನು ಕಟ್ಟುಬೀಳಬೇಕೋ ಬೇಡವೋ?

* * *

ಇದಕ್ಕೂ ಸಾಫ್ಟ್‌ವೇರಿನವರಿಗೂ ಏನು ಸಂಬಂಧ ಅಂತ ಕೇಳುತ್ತೀರಾ? ಹೇಳ್ತೀನಿ.

ಖಡಿ ಒಡೆಯುವ ಹೆಂಗಸನ್ನೂ ನನ್ನನ್ನೂ ಒಂದೇ ತಕ್ಕಡಿಯಲ್ಲಿ ಇಡುವ ಹುಚ್ಚು ನನಗಿಲ್ಲ. ನನ್ನ ಹೊಟ್ಟೆ ತುಂಬಿದೆ. ಆದರೆ ಕಾನೂನನ್ನು ಬದಿಗೆ ಸರಿಸುವ ಉಪಾಯ ಮಾತ್ರ ಎರಡೂ ಕಡೆ ಒಂದೇ, ಹೆಸರು ಬದಲಾಯಿಸುವುದು. ಅಲ್ಲಿ ಕೂಲಿಯನ್ನು ಪರಿಹಾರ ಅಂದರು. ಇಲ್ಲಿ ನೌಕರನನ್ನು ಟ್ರೇನಿ ಅಂತಾರೆ, ಅಸೋಸಿಯೇಟ್ ಅಂತಾರೆ, ಫ್ಯಾಮಿಲಿ ಅಂತಾರೆ. ಫ್ಯಾಮಿಲಿಯಲ್ಲಿ ಯಾರಾದರೂ ಓವರ್‌ಟೈಮ್ ಕೇಳುತ್ತಾರಾ?

ಕೈಗಾರಿಕೆಗಳಲ್ಲಿ ಕೆಲಸದ ಷರತ್ತು, ರಜೆ, ಶಿಸ್ತುಕ್ರಮ, ಕೆಲಸದಿಂದ ತೆಗೆಯುವ ವಿಧಾನ ಎಲ್ಲವನ್ನೂ ಬರೆದಿಡಬೇಕು ಎನ್ನುವ 1946ರ ಸ್ಥಾಯೀ ಆದೇಶಗಳ ಕಾಯ್ದೆಯಿಂದ ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ ವಿನಾಯಿತಿ ಕೊಟ್ಟಿತ್ತು. 2014ರಲ್ಲಿ ಐದು ವರ್ಷಕ್ಕೆ, 2019ರಲ್ಲಿ ಮತ್ತೆ, 2024ರಲ್ಲಿ ಮತ್ತೆ. ದೂರು ಕೇಳುವ ಸಮಿತಿ ಇರಬೇಕು, ಕೆಲಸದಿಂದ ತೆಗೆದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು ಅಂತ ಷರತ್ತುಗಳೂ ಇದ್ದವು. ಆ ಷರತ್ತುಗಳಿವೆ ಅನ್ನುವುದು ನನ್ನ ಟೀಮಿನ ಹನ್ನೊಂದು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. 2017ರಲ್ಲಿ ಹುಟ್ಟಿದ ಐಟಿ ನೌಕರರ ಯೂನಿಯನ್ನು ಕೆಐಟಿಯು ಈ ವಿನಾಯಿತಿಯ ವಿರುದ್ಧ ಕೂಗುತ್ತಲೇ ಬಂದಿದೆ.

ನನ್ನ ಮೊದಲ ಕಂಪನಿ ಬಿಟ್ಟಾಗ (ಹೆಸರು ಬೇಡ) ಕೊನೇ ತಿಂಗಳ ಸಂಬಳ ಎರಡೂವರೆ ತಿಂಗಳು ಬರಲಿಲ್ಲ. ಫೋನ್ ಮಾಡಿದಾಗೆಲ್ಲ "ಅದು ನಮ್ಮ ಪಾಲಿಸಿ" ಅಂತ ಉತ್ತರ. ಪಾಲಿಸಿ ಅನ್ನುವ ಶಬ್ದ ಕೇಳಿದ ಕೂಡಲೇ ನಾವು ಸುಮ್ಮನಾಗುತ್ತೇವೆ, ಅದೇನೋ ಸಂಸತ್ತಿನಲ್ಲಿ ಪಾಸಾದ ಕಾಯ್ದೆ ಅನ್ನುವ ಹಂಗೆ! ಕಡೆಗೆ ದಿನಾಂಕ ಹಾಕಿ, ಬರಬೇಕಾದ ಮೊತ್ತ ಬರೆದು, ರಿಜಿಸ್ಟರ್ಡ್ ಅಂಚೆಯಲ್ಲಿ ಒಂದು ಪತ್ರ ಕಳಿಸಿದೆ. ಹದಿನೆಂಟನೇ ದಿನ ದುಡ್ಡು ಅಕೌಂಟಿಗೆ ಬಂತು. ಕಾಗದಕ್ಕೆ ಇರುವ ಶಕ್ತಿ ಫೋನಿಗಿಲ್ಲ.

ಹಾಗಾಗಿ ಚರಿತ್ರೆಯಿಂದ ನಾನು ಕಲಿತ ನಾಲ್ಕು ಕೆಲಸದ ಮಾತು ಇಲ್ಲಿ ಬರೆದಿಡುತ್ತೇನೆ. ಯಾರಿಗಾದರೂ ಉಪಯೋಗಕ್ಕೆ ಬಂದರೆ ಸಾಕು.

ಒಂದು, ದರ ತಿಳಕೊಳ್ಳಿ. ನಿಮ್ಮ ಕೆಲಸಕ್ಕೆ ಸರ್ಕಾರ ಗೊತ್ತು ಮಾಡಿದ ಕನಿಷ್ಠ ಕೂಲಿ ಎಷ್ಟು ಎಂಬುದು ಕಾರ್ಮಿಕ ಇಲಾಖೆಯಲ್ಲಿ ಸಿಗುತ್ತದೆ. ಅದಕ್ಕಿಂತ ಕಡಿಮೆಗೆ ಒಪ್ಪಿ ಸಹಿ ಮಾಡಿದ್ದರೂ ಆ ಒಪ್ಪಿಗೆ ನಿಲ್ಲುವುದಿಲ್ಲ.

ಎರಡು, ಕಾಗದ ಇಟ್ಟುಕೊಳ್ಳಿ. ಹಾಜರಿ, ಸಂಬಳದ ಚೀಟಿ, ಮೆಸೇಜು, ಬ್ಯಾಂಕ್ ಪಾಸ್‌ಬುಕ್ಕು. ಖಾಲಿ ಕಾಗದಕ್ಕೆ ಸಹಿಯಾಗಲಿ ಹೆಬ್ಬೆಟ್ಟಾಗಲಿ ಒತ್ತಬೇಡಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ಸಂಬಳದ ಚೀಟಿ ಕೊಡುವುದು ಮಾಲೀಕನ ಕರ್ತವ್ಯ. ಸಂಬಳ ಕೊಟ್ಟಿಲ್ಲ ಅಂತ ನೀವು ದೂರು ಕೊಟ್ಟರೆ, ಕೊಟ್ಟಿದ್ದೇನೆ ಅಂತ ಸಾಬೀತು ಮಾಡುವ ಭಾರವೂ ಅವನದೇ.

ಮೂರು, ಕಾಲ ನೋಡಿಕೊಳ್ಳಿ. 1948ರ ಕಾಯ್ದೆಯಲ್ಲಿ ಆರು ತಿಂಗಳೊಳಗೆ ಅರ್ಜಿ ಹಾಕಬೇಕಿತ್ತು. ಹೊಸ ಸಂಹಿತೆಯಲ್ಲಿ ಮೂರು ವರ್ಷ. ಬಾಕಿಯ ಹತ್ತು ಪಟ್ಟಿನವರೆಗೂ ಪರಿಹಾರ ಕೊಡಿಸಬಹುದು. ಕೆಲಸ ಬಿಟ್ಟರೆ ಎರಡು ಕೆಲಸದ ದಿನಗಳೊಳಗೆ ಬಾಕಿ ಸಂಬಳ ಕೊಡಬೇಕು. ಹಳೇ 1936ರ ವೇತನ ಪಾವತಿ ಕಾಯ್ದೆಗೆ ಸಂಬಳದ ಮಿತಿ ಇತ್ತು, 2017ರಿಂದ ಅದು ತಿಂಗಳಿಗೆ 24,000 ರೂಪಾಯಿ. ನಮ್ಮಂಥವರು ಅದರ ಹೊರಗಿದ್ದೆವು. ಈಗ ಆ ಗೋಡೆ ಇಲ್ಲ.

ನಾಲ್ಕು, ಒಬ್ಬರೇ ಹೋಗಬೇಡಿ. ಹರ್ಮಾಡಾದ ಹೆಂಗಸರ ಹಿಂದೆ ಒಂದು ಸಂಸ್ಥೆ ಇತ್ತು, ದಿಲ್ಲಿಯ ಕೂಲಿಗಳ ಹಿಂದೆ ಪಿಯುಡಿಆರ್ ಇತ್ತು, 1877ರ ಜನರ ಹಿಂದೆ ಸಾರ್ವಜನಿಕ ಸಭೆ ಇತ್ತು. ನಮ್ಮ ಉತ್ತರ ಕರ್ನಾಟಕದಲ್ಲಿ ಖಾತ್ರಿ ಕೂಲಿಗಾಗಿ ಗ್ರಾಮೀಣ ಕೂಲಿ ಕಾರ್ಮಿಕರ ಸಂಘಟನೆ (ಗ್ರಾಕೂಸ್) ಬೆಳಗಾವಿ ಸೀಮೆಯಲ್ಲಿ ಮಾಡಿದ ಕೆಲಸವೂ ಇದೇ ಜಾತಿಯದು. ಒಬ್ಬಳು ಕೇಳಿದರೆ ಮೇಸ್ತ್ರಿ ಗದರಿಸುತ್ತಾನೆ, ಐವತ್ತು ಜನ ಕೇಳಿದರೆ ಅಳತೆ ಟೇಪು ಮತ್ತೊಮ್ಮೆ ತರುತ್ತಾನೆ.

ಕಾನೂನು ಇದ್ದೂ ಮಾಲೀಕ ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಏನು ಮಾಡೋದು ಅಂತ ಬಹಳ ಜನ ಕೇಳುತ್ತಾರೆ. ಕಾನೂನೇ ಇಲ್ಲದ ಕಾಲದಲ್ಲಿ, ನಾಲ್ಕೈದು ರೊಟ್ಟಿಯನ್ನೂ ಬಿಟ್ಟು ಎದ್ದು ಹೋದವರ ನೆನಪು ನಮಗೆ ಇರಬೇಕು ಅಂತ ನನ್ನ ಆಸೆ. ಅವರಲ್ಲಿ ಒಬ್ಬರ ಹೆಸರೂ ನಮಗೆ ಗೊತ್ತಿಲ್ಲ. ಟೆಂಪಲ್ ಸಾಹೇಬನ ಹೆಸರು ಮಾತ್ರ ಕೂಲಿಗೂ ಅಂಟಿಕೊಂಡು ಉಳಿಯಿತು.

ಬಿಜಾಪುರ, ಬಳ್ಳಾರಿ, ಕೋಲಾರ, ತುಮಕೂರು ಕಡೆಯ ಗೆಳೆಯರೇ, ನಿಮ್ಮ ಮನೆಯ ಹಿರಿಯರೂ ಬರಗಾಲದ ಕೆಲಸಕ್ಕೆ ಹೋಗಿರುತ್ತಾರೆ. ಎಷ್ಟು ಕೊಡುತ್ತಿದ್ದರು, ಕಾಳಿನಲ್ಲೋ ರೊಕ್ಕದಲ್ಲೋ, ಅಳತೆ ಯಾರು ಹಚ್ಚುತ್ತಿದ್ದರು ಅಂತ ಒಮ್ಮೆ ಕೇಳಿ ನೋಡಿ. ಕೇಳಿದ್ದನ್ನು ನಿಮ್ಮ ನಿಮ್ಮ ಬ್ಲಾಗಿನಲ್ಲಿ ಬರೆಯಿರಿ. ಗೆಜೆಟಿಯರಿನಲ್ಲಿ ಇಲ್ಲದ ಚರಿತ್ರೆ ಅದು, ಕೇಳದಿದ್ದರೆ ಅವರ ಜೊತೆಗೇ ಹೋಗಿಬಿಡುತ್ತದೆ.